ಗಮನ ನಿಲ್ಲದ ವಿದ್ಯಾರ್ಥಿಗೆ ನಮ್ಮ ನೆರವು

"ಬುದ್ಧಿಯಿದೆ, ಶ್ರದ್ಧೆಯಿಲ್ಲ." ನಮ್ಮ ಶಾಲಾ ಕಾಲೇಜುಗಳಲ್ಲಿ ಈ ತೀರ್ಪನ್ನು ಒಮ್ಮೆಯಾದರೂ ಕೇಳದ ವಿದ್ಯಾರ್ಥಿ ವಿರಳ. ಹೆಚ್ಚಿನವರ ಪಾಲಿಗೆ ಅದು ಒಂದು ದಿನದ ಬೈಗುಳವಾಗಿ ಮರೆತುಹೋಗುತ್ತದೆ. ಕೆಲವರು ಮಾತ್ರ ಒಂದನೆಯ ತರಗತಿಯಿಂದ ಪದವಿ ತರಗತಿಯವರೆಗೂ ಅದನ್ನೇ ಕೇಳುತ್ತ ಬಂದು, ಕೊನೆಗೆ ತಾವೂ ಅದನ್ನೇ ನಂಬಿಬಿಡುತ್ತಾರೆ. ಅಂತಹವರಲ್ಲಿ ಒಬ್ಬನನ್ನು ನಾನು ಬಹು ಹತ್ತಿರದಿಂದ ಬಲ್ಲೆ. ಅವನು ನನ್ನ ಅಣ್ಣ.

ಈ ವರ್ಷ ಬಿ.ಎ. ಮುಗಿಸಿದರೆ ನಾನು ನಮ್ಮ ಮನೆತನದ ಮೊದಲ ಪದವೀಧರನೆನಿಸುತ್ತೇನೆ. ಆ ಹೆಸರು ನ್ಯಾಯವಾಗಿ ಅಣ್ಣನಿಗೆ ಸಲ್ಲಬೇಕಾಗಿತ್ತು. ಹತ್ತನೆಯ ತರಗತಿಯಲ್ಲಿ ಅವನಿಗೆ ಪ್ರಥಮ ದರ್ಜೆ, ಪಿ.ಯು.ಸಿ.ಯಲ್ಲಿ ಹೇಗೋ ತೇರ್ಗಡೆ, ಬಿ.ಎಸ್‌ಸಿ. ಸೇರಿ ಮೂರನೆಯ ಸೆಮಿಸ್ಟರಿಗೆ ಬರುವ ಹೊತ್ತಿಗೆ ಹಾಜರಾತಿಯ ಕೊರತೆ, ಬಾಕಿ ಉಳಿದ ನಾಲ್ಕು ವಿಷಯಗಳು, ಕಟ್ಟದೆ ಹೋದ ಪರೀಕ್ಷಾ ಶುಲ್ಕ. ಶುಲ್ಕದ ಹಣವನ್ನು ಅಪ್ಪ ಕೊಟ್ಟಿದ್ದರು. ಕಡೆಯ ದಿನ ಕಳೆದು ಎರಡು ವಾರವಾದ ಮೇಲೆ ಅದು ಅವನ ರಸಾಯನಶಾಸ್ತ್ರದ ಪುಸ್ತಕದೊಳಗೆ ಮಡಿಸಿಟ್ಟ ಹಾಗೆಯೇ ಸಿಕ್ಕಿತು. ಅವನು ಕಾಲೇಜು ಬಿಟ್ಟು ಊರಿಗೆ ಬಂದು ಬೈಕು ರಿಪೇರಿಯ ಅಂಗಡಿಗೆ ಸೇರಿದ. ಊರಿನವರು "ಹುಡುಗ ಕೆಟ್ಟ" ಎಂದರು. ಅಪ್ಪ ಬಹುಕಾಲ ಅವನೊಡನೆ ಮಾತು ಬಿಟ್ಟರು. ನಾನೂ ಅವನನ್ನು ದಂಡಪಿಂಡವೆಂದು ಕರೆದವನೇ. ಎರಡನೆಯ ವರ್ಷದಲ್ಲಿ ಐಚ್ಛಿಕ ಮನಃಶಾಸ್ತ್ರದ ಪಾಠ ಓದುತ್ತಿರುವಾಗ, ಹೆಸರೊಂದನ್ನು ಬಿಟ್ಟರೆ ಮಿಕ್ಕೆಲ್ಲವೂ ಅಣ್ಣನದೇ ಆದ ಒಂದು ವಿವರಣೆ ಎದುರಾಯಿತು. ಅಂದು ತಿಳಿದುದನ್ನೂ ಅನಂತರ ಕಲಿತುದನ್ನೂ ಸಹಪಾಠಿಗಳ ಹಾಗೂ ಅಧ್ಯಾಪಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇದರ ಸ್ವರೂಪ

ಈ ಸ್ಥಿತಿಗೆ ಅಟೆನ್ಷನ್ ಡೆಫಿಸಿಟ್ ಹೈಪರ್‌ಆ್ಯಕ್ಟಿವಿಟಿ ಡಿಸಾರ್ಡರ್ ಎಂದು ಹೆಸರು, ಸಂಕ್ಷೇಪವಾಗಿ ಎ.ಡಿ.ಎಚ್.ಡಿ. ಕನ್ನಡದಲ್ಲಿ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎನ್ನಬಹುದು. ಹೆಸರು ಹೊಸದಾದರೂ ವಸ್ತು ಹೊಸದಲ್ಲ. ೧೭೯೮ರಷ್ಟು ಹಿಂದೆಯೇ ಅಲೆಗ್ಸಾಂಡರ್ ಕ್ರೈಟನ್ ಎಂಬ ಸ್ಕಾಟ್ಲೆಂಡಿನ ವೈದ್ಯನು, ಒಂದೇ ವಸ್ತುವಿನ ಮೇಲೆ ಮನಸ್ಸು ನಿಲ್ಲಿಸಲಾರದವರ ಸ್ಥಿತಿಯನ್ನು ತನ್ನ ಗ್ರಂಥದಲ್ಲಿ ವರ್ಣಿಸಿದ್ದನು. ೧೯೦೨ರಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯನು ಲಂಡನ್ನಿನಲ್ಲಿ ಉಪನ್ಯಾಸ ಮಾಡುತ್ತ, ಬುದ್ಧಿಶಕ್ತಿ ಸರಿಯಾಗಿದ್ದೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳ ವಿಚಾರ ಹೇಳಿದನು. ಅವನು ಅದನ್ನು ನೈತಿಕ ಸಂಯಮದ ದೋಷವೆಂದು ಕರೆದನು. ಈ ಮಕ್ಕಳ ಮುಖ್ಯ ತೊಡಕು ಬರಿಯ ಓಡಾಟವಲ್ಲ, ಗಮನವನ್ನು ನಿಲ್ಲಿಸುವುದು ಮತ್ತು ಆವೇಗವನ್ನು ತಡೆಯುವುದು ಎಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ವರ್ಜೀನಿಯಾ ಡಗ್ಲಸ್ ಅವರು ೧೯೭೨ರಲ್ಲಿ ತೋರಿಸಿಕೊಟ್ಟರು. ೧೯೮೦ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ‘ಗಮನದ ಕೊರತೆ’ ಎಂಬ ಮಾತನ್ನು ಹೆಸರಿನಲ್ಲಿ ಸೇರಿಸಿತು. ಈಗಿನ ಹೆಸರು ೧೯೮೭ರದು.

ಬಹುಕಾಲ ಇದನ್ನು ಬಾಲ್ಯದ ತೊಂದರೆ, ದೊಡ್ಡವರಾದಂತೆ ತಾನೇ ಹೋಗುತ್ತದೆ ಎಂದು ತಿಳಿದಿದ್ದರು. ಅದು ಪೂರ್ತಿ ನಿಜವಲ್ಲ. ಬೆಳೆದಂತೆ ಓಡಾಟ, ಹಾರಾಟ ಕಡಮೆಯಾಗಬಹುದು. ಒಳಗಿನ ಚಡಪಡಿಕೆ, ಮರೆವು, ಕೆಲಸವನ್ನು ಆರಂಭಿಸಲಾರದ ಕಷ್ಟ ಅನೇಕರಲ್ಲಿ ಉಳಿಯುತ್ತವೆ. ಜಗತ್ತಿನ ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಮಕ್ಕಳಲ್ಲಿ ಸುಮಾರು ಶೇಕಡ ೫, ವಯಸ್ಕರಲ್ಲಿ ಸುಮಾರು ಶೇಕಡ ೨.೫ ಮಂದಿಗೆ ಇದು ಇರುವುದಾಗಿ ತಿಳಿದುಬಂದಿದೆ. ಈ ಲೆಕ್ಕದಲ್ಲಿ ಸಾವಿರ ವಿದ್ಯಾರ್ಥಿಗಳ ಕಾಲೇಜಿನಲ್ಲಿ ಇಪ್ಪತ್ತೈದು ಮಂದಿಯಾದರೂ ಇರಬಹುದು. ಹುಡುಗಿಯರಲ್ಲಿ ಇದನ್ನು ಗುರುತಿಸುವುದು ಇನ್ನೂ ತಡವಾಗುತ್ತದೆ. ಅವರಲ್ಲಿ ಅನೇಕರು ಗಲಾಟೆ ಮಾಡುವುದಿಲ್ಲ. ಕಿಟಕಿಯ ಬಳಿ ಸುಮ್ಮನೆ ಕುಳಿತು ಎಲ್ಲಿಯೋ ಇರುತ್ತಾರೆ. ಸುಮ್ಮನಿರುವವರ ಕಡೆ ಯಾರ ಕಣ್ಣೂ ಹೋಗುವುದಿಲ್ಲವಷ್ಟೆ.

ಕಾರಣವೇನೆಂದರೆ, ಹೆಚ್ಚಿನ ಪಾಲು ಅನುವಂಶೀಯತೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ, ಈ ಗುಣದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಶೇಕಡ ೭೦ರಿಂದ ೮೦ರಷ್ಟು ಭಾಗ ವಂಶಪಾರಂಪರ್ಯದಿಂದ ಬರುವಂಥದು. ತಾಯಿತಂದೆಯರ ಮುದ್ದಿನಿಂದಾಗಲಿ ಬೆತ್ತದ ಅಭಾವದಿಂದಾಗಲಿ ಇದು ಹುಟ್ಟುವುದಿಲ್ಲ. ಮಾಡಬೇಕಾದುದನ್ನು ನೆನಪಿನಲ್ಲಿ ಹಿಡಿದಿಡುವುದು, ಅಡ್ಡ ಬಂದ ಆಸೆಯನ್ನು ತಡೆಯುವುದು, ಕಾಲವನ್ನು ಅಳೆಯುವುದು, ಕೆಲಸವನ್ನು ಹಂತಹಂತವಾಗಿ ಜೋಡಿಸುವುದು — ಮಿದುಳಿನ ಈ ಕಾರ್ಯಗಳಿಗೆ ಕಾರ್ಯನಿರ್ವಾಹಕ ಶಕ್ತಿಗಳೆಂದು ಹೆಸರು. ೧೯೯೭ರಲ್ಲಿ ರಸೆಲ್ ಬಾರ್ಕ್ಲಿ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು, ಎ.ಡಿ.ಎಚ್.ಡಿ.ಯಲ್ಲಿ ತೊಡಕಿರುವುದು ಈ ಶಕ್ತಿಗಳಲ್ಲಿ ಎಂದು ವಾದಿಸಿದರು. ಅವರ ವಾದದ ತಿರುಳು ಇದು: ಇಂತಹವರಿಗೆ ಏನು ಮಾಡಬೇಕೆಂಬುದು ಗೊತ್ತಿಲ್ಲದೆ ಇಲ್ಲ, ಗೊತ್ತಿರುವುದನ್ನು ಹೊತ್ತಿಗೆ ಸರಿಯಾಗಿ ಮಾಡಲಾಗುವುದಿಲ್ಲ.

"ಹಾಗಾದರೆ ಬೈಕಿನ ಎಂಜಿನ್ ಬಿಚ್ಚುವಾಗ ಅವನಿಗೆ ಊಟದ ನೆನಪೂ ಇರುವುದಿಲ್ಲವಲ್ಲ, ಅಲ್ಲಿ ಮಾತ್ರ ಗಮನ ಹೇಗೆ ನಿಲ್ಲುತ್ತದೆ?" ಎಂದು ನಮ್ಮ ಮನೆಯಲ್ಲಿ ಕೇಳುತ್ತಿದ್ದರು. ಎಲ್ಲರ ಮನೆಯಲ್ಲೂ ಕೇಳುವ ಪ್ರಶ್ನೆಯಿದು. ಅದಕ್ಕೆ ಉತ್ತರ ಇಷ್ಟೆ. ಗಮನ ಇಲ್ಲವೆಂದಲ್ಲ, ಅದನ್ನು ಬೇಕಾದಲ್ಲಿಗೆ ತಿರುಗಿಸುವ ಹಿಡಿ ಸಡಿಲವಾಗಿದೆ. ಆಸಕ್ತಿ ಹುಟ್ಟಿಸುವ, ಕೈಗೆ ಕೂಡಲೇ ಫಲ ಕೊಡುವ ಕೆಲಸ ಗಮನವನ್ನು ತಾನೇ ಸೆಳೆದುಕೊಳ್ಳುತ್ತದೆ. ಮೂರು ತಿಂಗಳಾಚೆಗೆ ಫಲ ಕೊಡುವ ಕೆಲಸಕ್ಕೆ ಆ ಸೆಳೆತವಿಲ್ಲ. ಪರೀಕ್ಷೆಯಾದರೋ ಯಾವಾಗಲೂ ಮೂರು ತಿಂಗಳಾಚೆಗೇ ಇರುತ್ತದೆ!

ಕಾಲೇಜಿನಲ್ಲಿಯೇ ಏಕೆ ಕುಸಿಯುತ್ತಾರೆ?

ಹೈಸ್ಕೂಲಿನವರೆಗೆ ಚೆನ್ನಾಗಿ ಓದಿದವನು ಪದವಿ ತರಗತಿಯಲ್ಲಿ ಒಮ್ಮೆಲೇ ಕುಸಿದುದನ್ನು ಕಂಡು ಜನರು ಸಹವಾಸ ಕೆಟ್ಟಿತೆನ್ನುತ್ತಾರೆ. ನಿಜಸ್ಥಿತಿ ಬೇರೆ. ಶಾಲೆಯಲ್ಲಿ ಗಂಟೆ ಹೊಡೆಯುತ್ತದೆ; ಮೇಷ್ಟ್ರು ಪ್ರತಿದಿನ ಮನೆಪಾಠ ನೋಡುತ್ತಾರೆ; ಕಿರುಪರೀಕ್ಷೆಗಳು ಮೇಲಿಂದ ಮೇಲೆ ಬರುತ್ತವೆ; ಬೆಳಗ್ಗೆ ಅವ್ವ ಎಬ್ಬಿಸಿ, ಚೀಲ ಕೈಗೆ ಕೊಟ್ಟು ಕಳಿಸುತ್ತಾಳೆ. ಹುಡುಗನ ಮಿದುಳು ಮಾಡಲಾರದ ಕೆಲಸವನ್ನು ಇವರೆಲ್ಲರೂ ಸೇರಿ ಹೊರಗಿನಿಂದ ಮಾಡುತ್ತಿರುತ್ತಾರೆ. ಹಂಬಿಗೆ ಚಪ್ಪರ ಹೇಗೋ ಹಾಗೆ. ಕಾಲೇಜು ಸೇರಿ ಹಾಸ್ಟೆಲಿಗೆ ಬಂದ ದಿನ ಆ ಚಪ್ಪರವೆಲ್ಲ ಒಂದೇ ಸಲಕ್ಕೆ ಕಳಚಿಹೋಗುತ್ತದೆ. ಎಬ್ಬಿಸುವವರಿಲ್ಲ. ಎರಡು ತರಗತಿಗಳ ನಡುವೆ ಎರಡು ಗಂಟೆ ಬಿಡುವು. ಆಂತರಿಕ ಪರೀಕ್ಷೆ, ನಿಯೋಜಿತ ಬರೆಹ, ಶುಲ್ಕ, ವಿದ್ಯಾರ್ಥಿವೇತನದ ಅರ್ಜಿ, ಶೇಕಡ ೭೫ರ ಹಾಜರಾತಿ ಇವೆಲ್ಲವನ್ನೂ ತಾನೇ ನೆನಪಿಟ್ಟು ತಾನೇ ನಡೆಸಬೇಕು.

ಓದಿದ ಮನೆತನದ ಹುಡುಗನಿಗೆ ಅಪ್ಪನೋ ಅಕ್ಕನೋ "ಫಾರಂ ತುಂಬಿದೆಯಾ?" ಎಂದು ಕೇಳುತ್ತಾರೆ. ನಮ್ಮಂತಹವರ ಮನೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಸೆಮಿಸ್ಟರ್ ಎಂದರೇನು, ಫಾರಂ ಎಂದರೇನು ಎಂದು ಬಲ್ಲವರಿಲ್ಲ. ಅಪ್ಪ ಹಣ ಕೊಟ್ಟರು. ಅದು ಕಟ್ಟಲ್ಪಟ್ಟಿತೇ ಎಂದು ಕೇಳಬೇಕಾದ ದಿನ ಯಾವುದೆಂದು ಅವರಿಗೆ ತಿಳಿದಿರಲಿಲ್ಲ. ಆದುದರಿಂದ ಮನೆಯ ಮೊದಲ ವಿದ್ಯಾವಂತನಾಗಲು ಹೊರಟವನಿಗೆ ಈ ತೊಂದರೆಯಿದ್ದರೆ ಪೆಟ್ಟು ಇಮ್ಮಡಿ. ಒಮ್ಮೆ ಜಾರಿದವನು ನಾಚಿಕೆಯಿಂದ ತರಗತಿ ತಪ್ಪಿಸುತ್ತಾನೆ. ತಪ್ಪಿಸಿದಷ್ಟೂ ಬಾಕಿ ಬೆಳೆಯುತ್ತದೆ. ಬಾಕಿ ಬೆಳೆದಷ್ಟೂ ಮುಖ ತೋರಿಸುವುದು ಕಷ್ಟ. ಈ ಸುಳಿಯನ್ನೇ ನಾವು ಹೊರಗಿನಿಂದ ನೋಡಿ ಸೋಮಾರಿತನವೆನ್ನುತ್ತೇವೆ.

ಗುರುತಿಸುವುದು ಮತ್ತು ಚಿಕಿತ್ಸೆ

ಇಲ್ಲೊಂದು ಎಚ್ಚರಿಕೆಯ ಮಾತು. ಮೊಬೈಲು ಹಿಡಿದು ಓದು ಮರೆತವರೆಲ್ಲರೂ ಎ.ಡಿ.ಎಚ್.ಡಿ. ಉಳ್ಳವರಲ್ಲ. ನಿದ್ರೆಯ ಅಭಾವ, ಖಿನ್ನತೆ, ಆತಂಕ, ಥೈರಾಯ್ಡಿನ ದೋಷ, ಮಾದಕ ವಸ್ತು ಇವುಗಳಿಂದಲೂ ಗಮನ ಕೆಡುತ್ತದೆ. ೨೦೧೩ರ ಅಮೆರಿಕದ ಕೈಪಿಡಿಯ ಪ್ರಕಾರ ಗಮನಕ್ಕೆ ಸಂಬಂಧಿಸಿದ ಒಂಬತ್ತು, ಚಟುವಟಿಕೆ ಮತ್ತು ಆವೇಗಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಿವೆ. ಹದಿನೇಳು ವರ್ಷ ತುಂಬಿದವರಲ್ಲಿ ಯಾವುದಾದರೊಂದು ಗುಂಪಿನ ಐದಾದರೂ ಆರು ತಿಂಗಳಿಗೆ ಕಡಮೆಯಿಲ್ಲದಂತೆ ಇರಬೇಕು. ಕೆಲವು ಲಕ್ಷಣಗಳು ಹನ್ನೆರಡು ವಯಸ್ಸಿಗೆ ಮೊದಲೇ ಕಂಡಿರಬೇಕು. ಮನೆ, ಕಾಲೇಜು, ಕೆಲಸ ಹೀಗೆ ಎರಡು ಕಡೆಗಳಲ್ಲಾದರೂ ತೊಂದರೆ ಕೊಡುತ್ತಿರಬೇಕು. ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನಿಂಗಿನಿಂದಾಗಲಿ ಇದನ್ನು ನಿರ್ಣಯಿಸಲಾಗದು. ವೈದ್ಯರು ಕೂರಿಸಿಕೊಂಡು ಬಾಲ್ಯದಿಂದ ನಡೆದುದನ್ನು ಕೇಳಿ ತಿಳಿಯಬೇಕು.

ಅಣ್ಣನನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ದಾಗ ವೈದ್ಯರು ಹೆಚ್ಚಾಗಿ ಕೇಳಿದ್ದು ಅವ್ವನನ್ನು. "ಅಂಗಡಿಗೆ ಉಪ್ಪು ತತ್ತಾ ಅಂತ ಕಳ್ಸಿದ್ರೆ ದಾರೀಲಿ ಕೋಳಿ ಜಗಳ ನೋಡ್ಕೊಂಡು ಬರಿಗೈಲಿ ಬರೋನು ಸ್ವಾಮಿ. ಯಾಕ್ಲಾ ಅಂದ್ರೆ, ಉಪ್ಪಾ? ಅನ್ನೋನು," ಎಂದಳು ಅವ್ವ. ನಾವೆಲ್ಲ ನಕ್ಕೆವು, ಅಣ್ಣನೂ ನಕ್ಕ. ವೈದ್ಯರು ಮಾತ್ರ ಅದನ್ನು ಬರೆದುಕೊಂಡರು. ಹಳೆಯ ಅಂಕಪಟ್ಟಿಗಳನ್ನೂ ನೋಡಿದರು. ಮೂರನೆಯ ಭೇಟಿಯಲ್ಲಿ ಅವರು ಸ್ಥಿತಿಯ ಹೆಸರು ಹೇಳಿದಾಗ ಅಣ್ಣ ಕೇಳಿದ ಮೊದಲ ಮಾತು: "ಹಂಗಾದ್ರೆ ನಾನು ಸೋಮಾರಿ ಅಲ್ವಾ ಸಾರ್?"

ಚಿಕಿತ್ಸೆಗೆ ಎರಡು ಮುಖಗಳು. ಮೊದಲನೆಯದು ಔಷಧಿ. ಮೀಥೈಲ್‌ಫೆನಿಡೇಟ್, ಅಟೊಮಾಕ್ಸೆಟಿನ್ ಮುಂತಾದುವು ಮಿದುಳಿನ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಕೆಲಸಕ್ಕೆ ಬಲ ಕೊಡುತ್ತವೆ. ಇವನ್ನು ಮನೋವೈದ್ಯರ ಚೀಟಿಯಿಂದ, ಅವರು ಹೇಳಿದ ಪ್ರಮಾಣದಲ್ಲಿಯೇ ತೆಗೆದುಕೊಳ್ಳತಕ್ಕದ್ದು. ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯನ ಮಾತ್ರೆಯನ್ನು ಕಡ ತೆಗೆದುಕೊಂಡು ನುಂಗುವುದು ಅಪಾಯಕರವೂ ಕಾನೂನಿಗೆ ವಿರುದ್ಧವೂ ಆದುದು. ಎರಡನೆಯದು ತರಬೇತಿ. ಅಮೆರಿಕದ ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೊ ವಿಶ್ವವಿದ್ಯಾನಿಲಯದಲ್ಲಿ ಆರ್ಥರ್ ಅನಸ್ಟೋಪೌಲಸ್ ಅವರು ಕಾಲೇಜು ವಿದ್ಯಾರ್ಥಿಗಳಿಗೆಂದೇ ಒಂದು ಕ್ರಮ ರೂಪಿಸಿದರು. ಅದರಲ್ಲಿ ವಿದ್ಯಾರ್ಥಿಗಳು ಗುಂಪಾಗಿ ಸೇರಿ ತಮ್ಮ ಸ್ಥಿತಿಯನ್ನೂ ಕಾಲ ಹಂಚಿಕೊಳ್ಳುವ ಬಗೆಯನ್ನೂ, ಸೋತಾಗ ಬರುವ ಹತಾಶೆಯ ಯೋಚನೆಗಳನ್ನು ತಿದ್ದಿಕೊಳ್ಳುವುದನ್ನೂ ಕಲಿಯುತ್ತಾರೆ. ಜೊತೆಗೆ ಪ್ರತಿಯೊಬ್ಬನಿಗೂ ಒಬ್ಬ ಮಾರ್ಗದರ್ಶಕನಿರುತ್ತಾನೆ. ಅದನ್ನು ಪರೀಕ್ಷಿಸಿದಾಗ ಪ್ರಯೋಜನ ಕಂಡುಬಂದಿತು. ನಾವು ಗಮನಿಸತಕ್ಕ ಅಂಶವೆಂದರೆ, ಪಾಠದ ಜೊತೆಗೆ ಅಲ್ಲಿ ಒಬ್ಬ ಮನುಷ್ಯನನ್ನೂ ಇಟ್ಟಿದ್ದಾರೆ.

ನಾವು ಮಾಡಬಹುದಾದುದು

"ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು?" ಎಂಬ ಗಾದೆ ಈ ವಿಷಯಕ್ಕೇ ಹುಟ್ಟಿದಂತಿದೆ. ಕೆಲಸಕ್ಕೆ ಬಹು ಮುಂಚೆ ಹೇಳುವ ಬುದ್ಧಿವಾದ ಕೆಲಸದ ಹೊತ್ತಿಗೆ ಆವಿಯಾಗಿರುತ್ತದೆ. ಕೆಲಸ ಕೆಟ್ಟ ಮೇಲೆ ಹಾಕುವ ಬೈಗುಳ ನಾಚಿಕೆಯನ್ನು ಬೆಳೆಸುತ್ತದೆಯೇ ಹೊರತು ಶಕ್ತಿಯನ್ನಲ್ಲ. ನೆರವು ಕೆಲಸದ ಜಾಗದಲ್ಲಿ, ಕೆಲಸದ ಹೊತ್ತಿನಲ್ಲಿ, ಪಕ್ಕದಲ್ಲಿ ಇರಬೇಕು. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇದೊಂದೇ. ಮಿಕ್ಕದ್ದೆಲ್ಲ ಇದರ ವಿವರ.

ಸಹಪಾಠಿಗಳಾದ ನಾವು ಮಾಡಬಹುದಾದ ಮೊದಲ ಕೆಲಸ ಜೊತೆಗೆ ಕೂರುವುದು. ಪಾಠ ಹೇಳಿಕೊಡಬೇಕಾಗಿಲ್ಲ. ಗ್ರಂಥಾಲಯದ ಒಂದೇ ಮೇಜಿಗೆ ಅವನವನ ಪುಸ್ತಕ ಹಿಡಿದು ಕೂತರೆ ಸಾಕು. ಪಕ್ಕದಲ್ಲೊಬ್ಬ ಓದುತ್ತಿದ್ದರೆ ಆರಂಭಿಸುವುದು ಸುಲಭವಾಗುತ್ತದೆ. ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ ಎಂಬವರು ೧೯೮೦ರ ದಶಕದ ಕೊನೆಯಲ್ಲಿ, ತಾವು ವಿದ್ಯಾರ್ಥಿಯಾಗಿದ್ದಾಗ, ಟೊಮ್ಯಾಟೊ ಆಕಾರದ ಅಡಿಗೆಮನೆಯ ಗಡಿಯಾರವಿಟ್ಟುಕೊಂಡು ೨೫ ನಿಮಿಷ ಓದು, ೫ ನಿಮಿಷ ಬಿಡುವು ಎಂಬ ಪದ್ಧತಿ ಕಂಡುಕೊಂಡರು. ಇದು ಎಲ್ಲರಿಗೂ ಉಪಯುಕ್ತ; ಕಾಲದ ಅಳತೆ ತಪ್ಪುವವರಿಗಂತೂ ಕಣ್ಣಿಗೆ ಕಾಣುವ ಗಡಿಯಾರವೇ ದೊಡ್ಡ ಆಸರೆ.

ಎರಡನೆಯದು, ದಿನಾಂಕಗಳನ್ನು ಹೊರಗೆ ತರುವುದು. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಶುಲ್ಕದ ಕಡೆಯ ದಿನ ಬಂದಿರುತ್ತದೆ. ಅದರ ಮೇಲೆ ನೂರು ಹಬ್ಬದ ಶುಭಾಶಯಗಳು ಬಿದ್ದಿರುತ್ತವೆ. ತಿಂಗಳ ದಿನಾಂಕಗಳನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಕೋಣೆಯ ಬಾಗಿಲಿಗೆ ಅಂಟಿಸೋಣ. "ಶುಲ್ಕ ಕಟ್ಟು" ಎನ್ನುವುದಕ್ಕಿಂತ "ಹನ್ನೊಂದು ಗಂಟೆಗೆ ನಾನು ಕಟ್ಟಲು ಹೋಗುತ್ತೇನೆ, ಬಾ" ಎನ್ನುವುದು ಮೇಲು.

ಮೂರನೆಯದು, ಮಿತಿ ತಿಳಿಯುವುದು. ಅವನ ಬರೆಹವನ್ನು ನಾವು ಬರೆದುಕೊಡುವುದು, ಹಾಜರಿ ಕೂಗುವುದು ನೆರವಲ್ಲ. ಅವನು ಮಗುವೂ ಅಲ್ಲ. ಯಾವ ನೆರವು ಬೇಕೆಂದು ಅವನನ್ನೇ ಕೇಳಬೇಕು. ಅವನ ಸ್ಥಿತಿಯನ್ನು ಅವನ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಹೇಳಬಾರದು.

ಅಧ್ಯಾಪಕರಲ್ಲಿಯೂ ವಿನಯಪೂರ್ವಕವಾಗಿ ಕೆಲವು ಬಿನ್ನಹಗಳಿವೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ೨೧ ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ, ಆಟಿಸಂ ಸೇರಿವೆ, ಎ.ಡಿ.ಎಚ್.ಡಿ. ಹೆಸರು ಹಿಡಿದು ಸೇರಿಲ್ಲ. ಕಾನೂನಿನ ಆಸರೆ ಸುಲಭವಾಗಿ ಸಿಗದ ಕಡೆ ಗುರುಗಳ ಸಹಾನುಭೂತಿಗೆ ಬೆಲೆ ಹೆಚ್ಚು. ನಿಯೋಜಿತ ಬರೆಹವನ್ನು ತಿಂಗಳ ಕೊನೆಗೆ ಒಟ್ಟಿಗೆ ಕೇಳುವ ಬದಲು, ಮೊದಲ ವಾರ ವಿಷಯ, ಎರಡನೆಯ ವಾರ ಟಿಪ್ಪಣಿ, ಮೂರನೆಯ ವಾರ ಕರಡು ಎಂದು ಕೇಳಿದರೆ ಎಲ್ಲರ ಬರೆಹವೂ ಉತ್ತಮವಾಗುತ್ತದೆ. ಬಾಯಲ್ಲಿ ಹೇಳಿದ ದಿನಾಂಕವನ್ನು ಕಪ್ಪುಹಲಗೆಯ ಮೂಲೆಯಲ್ಲಿಯೂ ಬರೆಯಬಹುದು. ಹಾಜರಾತಿಯ ಪಟ್ಟಿಯನ್ನು ಸೆಮಿಸ್ಟರಿನ ಕೊನೆಗೆ ಹಚ್ಚುವುದಕ್ಕಿಂತ ನಾಲ್ಕನೆಯ ವಾರದಲ್ಲಿ, ಇನ್ನೂ ಸರಿಪಡಿಸಲು ಸಾಧ್ಯವಿರುವಾಗ, ಬೀಳುತ್ತಿರುವವನನ್ನು ಕರೆದು "ಏನಾಯಿತಪ್ಪ?" ಎಂದು ಕೇಳಿದರೆ ಒಂದು ಪದವಿ ಉಳಿದೀತು. ತುಂಬಿದ ತರಗತಿಯಲ್ಲಿ ನಿಲ್ಲಿಸಿ ಕೇಳಿದರೆ ಅವನು ಮರುದಿನ ಬರುವುದಿಲ್ಲ. ಕೋಣೆಗೆ ಕರೆದು ಕೇಳಿದರೆ ಬರುತ್ತಾನೆ.

ಮನೆಯವರಿಗೆ ಹೇಳಬೇಕಾದುದು ಒಂದೇ: ಅವನ ಸೋಲನ್ನು ಅವನ ಗುಣವೆಂದು ಎಣಿಸಬೇಡಿ. ಇಂತಹವರಲ್ಲಿ ಖಿನ್ನತೆ, ಆತಂಕಗಳು ಇತರರಿಗಿಂತ ಹೆಚ್ಚು. ಓದಿನ ಮಾತು ಬಿಟ್ಟು ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿ ೧೪೪೧೬ರಲ್ಲಿ ಹಗಲಿರುಳು ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲು ಹುಚ್ಚು ಹಿಡಿದಿರಬೇಕೆಂದೇನೂ ಇಲ್ಲ. ನಮ್ಮ ಊರಿನಲ್ಲಿ ಈ ಮಾತನ್ನು ಅಪ್ಪನಿಗೆ ಒಪ್ಪಿಸಲು ನನಗೆ ಆರು ತಿಂಗಳು ಹಿಡಿಯಿತು.

ಈಗ ಅಣ್ಣನ ವಿಚಾರ ಹೇಳಿ ಮುಗಿಸುತ್ತೇನೆ. ಅವನು ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಸೇರಿದ್ದಾನೆ. ಹಗಲು ಅಂಗಡಿ, ರಾತ್ರಿ ಓದು. ದಿನವೂ ಎಂಟೂವರೆಗೆ ಅವನು ಊರಿನ ಜಗಲಿಯ ಮೇಲೂ ನಾನು ಹಾಸ್ಟೆಲಿನ ಕೋಣೆಯಲ್ಲೂ ಪುಸ್ತಕ ತೆರೆದು, ಫೋನು ಹಚ್ಚಿ ಪಕ್ಕಕ್ಕಿಡುತ್ತೇವೆ. ಮಾತಿಲ್ಲ. ಆ ಕಡೆಯಿಂದ ಹಾಳೆ ತಿರುವುವ ಸದ್ದು, ಒಮ್ಮೊಮ್ಮೆ ಅವ್ವ ಪಾತ್ರೆ ತೊಳೆಯುವ ಸದ್ದು. ೨೫ ನಿಮಿಷಕ್ಕೆ ಗಂಟೆ ಹೊಡೆದಾಗ "ಆಯ್ತೇನ್ಲಾ?" ಎನ್ನುತ್ತಾನೆ. ಕೆಲವು ದಿನ ಅವನು ಮರೆಯುತ್ತಾನೆ. ಆಗ ನಾನೇ ಕರೆ ಮಾಡುತ್ತೇನೆ. ಮೊದಲ ವರ್ಷದಲ್ಲಿ ಒಂದು ವಿಷಯ ಬಾಕಿ ಉಳಿಯಿತು, ಮಿಕ್ಕವು ತೇರ್ಗಡೆಯಾದವು. ಈ ಸಲ ಪರೀಕ್ಷಾ ಶುಲ್ಕ ಕಟ್ಟಬೇಕಾದ ದಿನ ಅಪ್ಪ ತಾವೇ ಹೊಲದಿಂದ ಬೇಗ ಬಂದು, ಅವನ ಬೈಕಿನ ಹಿಂದೆ ಕೂತು ಹೋದರು. ಒಳಗೆ ಏನು ಬರೆಯಬೇಕೆಂದು ಅಪ್ಪನಿಗೆ ತಿಳಿಯದು. ಹೊರಗೆ ನಿಂತಿದ್ದು, ರಸೀದಿ ಕೈಗೆ ಬಂದ ಮೇಲೆ ಜೊತೆಗೇ ಮರಳಿದರು.

ನಮ್ಮ ತರಗತಿಯ ಕೊನೆಯ ಬೆಂಚಿನಲ್ಲಿಯೂ ಇಂತಹವರೊಬ್ಬರು ಇರಬಹುದು. ಅವರಿಗೆ ಬುದ್ಧಿ ಹೇಳುವ ಮೊದಲು, ಒಂದು ಗಂಟೆ ಪಕ್ಕದಲ್ಲಿ ಕೂತು ನೋಡೋಣ.